ಕರೆಂಟ್ ಮಡಕೆಯ ಭಾನುವಾರ

ಉದಯಗಿರಿಯ ಆ ಮಾಂಸದ ಅಂಗಡಿಯ ಮುಂದೆ ನಾನು ಹೋಗಿ ನಿಂತಾಗ ಬೆಳಿಗ್ಗೆ ಏಳು ಗಂಟೆ ಕೂಡ ಆಗಿರಲಿಲ್ಲ. ನನಗೆ ಆಗ ಮೂವತ್ತೊಂದು ವರ್ಷ. ಅಲ್ಲಿಯವರೆಗೆ ಒಂದು ಮೊಟ್ಟೆಯನ್ನೂ ಒಡೆದವನಲ್ಲ. ಮನೆಯಲ್ಲಿ ಸ್ಕೂಟರ್ ಇದ್ದರೂ ಸಿದ್ಧಾರ್ಥನಗರದಿಂದ ನಡೆದೇ ಬಂದಿದ್ದೆ. ಆ ಸ್ಕೂಟರಿನ ನಂಬರು ನಮ್ಮ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಅದನ್ನು ಆ ಬೀದಿಯಲ್ಲಿ ನಿಲ್ಲಿಸುವ ಧೈರ್ಯ ಬರಲಿಲ್ಲ.

"ಎಷ್ಟು ಬೇಕು ಸಾರ್?" ಅಂಗಡಿಯವರು ಕತ್ತಿ ಮಸೆಯುತ್ತಲೇ ಕೇಳಿದರು.

"ಒಂದು ಕೇಜಿ."

"ಫ್ರೈಗಾ, ಸಾರಿಗಾ?"

"ಆಲೂಗಡ್ಡೆ ಜೊತೆ ಬೇಯ್ಸೋಕೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಮೊದಲ್ನೇ ಸಲಾನಾ?" ಎಂದರು. ಹೌದೆಂದೆ. "ಹಂಗಾದ್ರೆ ನಾನೇ ನೋಡಿ ಕೊಡ್ತೀನಿ, ಇರಿ. ಸ್ವಲ್ಪ ಕೊಬ್ಬಿರ್ಲಿ. ನಿಧಾನಕ್ಕೆ ಬೇಯ್ಸಿ ಸಾರ್, ಆತುರ ಪಟ್ರೆ ರಬ್ಬರ್ ಆಗ್ಬುಡ್ತದೆ." ಕಾಗದದಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಹಾಕಿ ಕೊಟ್ಟರು. ನಾನು ಕೇಳಿರಲಿಲ್ಲ. ನನ್ನ ಮುಖದಲ್ಲೇ ಅದು ಬರೆದಿತ್ತೆಂದು ಕಾಣುತ್ತದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಅದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳನ್ನು ಮದುವೆಯಾಗಿದ್ದೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ತಂದೆಯವರದು ದೇವರಾಜ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ, ವಿಭೂತಿ ಕರ್ಪೂರ ಊದುಬತ್ತಿ ಮಾರುವುದು. ಅವಳದು ಕ್ಯಾಥೋಲಿಕ್ ಕುಟುಂಬ. ರಿಜಿಸ್ಟರ್ ಮದುವೆಗೆ ಎರಡೂ ಮನೆಯಿಂದ ಯಾರೂ ಬರಲಿಲ್ಲ. ಅಲ್ಲಿಂದಾಚೆಗೆ ನಾನು ತಂದೆಯ ಅಂಗಡಿಯಿದ್ದ ಬೀದಿಯನ್ನು ಬಿಟ್ಟು ಸುತ್ತಿ ಬಳಸಿ ಹೋಗುತ್ತಿದ್ದೆ. ಅವಳ ತಂದೆ ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರೂ ಮಗಳ ಜೊತೆ ಎರಡು ವರ್ಷ ಮಾತಾಡಿರಲಿಲ್ಲ.

ಈಗ ಅವಳಿಗೆ ಆರನೇ ತಿಂಗಳು. ಹಿಂದಿನ ವರ್ಷ ಒಂದು ಕೂಸು ಐದನೇ ತಿಂಗಳಲ್ಲೇ ಹೋಗಿತ್ತು. ಈ ಸಲ ಬಿ.ಪಿ. ಏರಿ ಕಾಲು ಊದಿಕೊಂಡವು. ಡಾಕ್ಟರು ಎರಡೇ ಮಾತು ಹೇಳಿದರು: ಹಾಸಿಗೆ ಬಿಟ್ಟು ಏಳಬಾರದು, ಉಪ್ಪು ಆದಷ್ಟೂ ಕಡಿಮೆ ಮಾಡಬೇಕು. ಒಂದು ತಿಂಗಳಿಂದ ಅಡಿಗೆ ನನ್ನದೇ ಆಗಿತ್ತು. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಪಲ್ಯ. ಏನಾದರೂ ತಿನ್ನಬೇಕು ಅನ್ನಿಸುತ್ತಾ ಎಂದು ದಿನವೂ ಕೇಳುತ್ತಿದ್ದೆ. ಏನಿಲ್ಲ ಅನ್ನುತ್ತಿದ್ದಳು.

ಒಂದು ಸಂಜೆ ಮಾತ್ರ, "ಹೇಳಿದ್ರೆ ಬೇಜಾರ್ ಮಾಡ್ಕೋಬಾರ್ದು ರೀ," ಎಂದಳು.

"ಹೇಳು."

"ಭಾನುವಾರ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಬಂದು ಅಮ್ಮ ಮಾಡೋರು. ಬೀಫ್‌ಗೆ ಆಲೂಗಡ್ಡೆ ಹಾಕಿ. ಅದರ ವಾಸನೆ ಮೂರು ದಿನದಿಂದ ಮೂಗಿಗೆ ಬರ್ತಾನೇ ಇದೆ." ಅಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿಕೊಂಡಳು. ಅವಳ ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ನಮ್ಮಜ್ಜಿ ಹೇಳುತ್ತಿದ್ದರು. ಗಣಿತದ ಮೇಷ್ಟ್ರಾದ ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಒಂದನ್ನು ಕಳೆದುಕೊಂಡ ಮೇಲೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ನಂಬಲು ಶುರುಮಾಡಿದ್ದೆ. ಅದೇ ವಾರ ಅವಳ ಅಕ್ಕ ಫೋನ್ ಮಾಡಿ, "ಪಪ್ಪಾ ಭಾನುವಾರ ಸಾಯಂಕಾಲ ನಿಮ್ಮನೆಗೆ ಬರ್ತಾರಂತೆ," ಎಂದರು. ಯಾಕೆ, ಯಾವ ಮನಸ್ಸಿನಿಂದ ಎಂಬುದು ಅವರಿಗೂ ಗೊತ್ತಿರಲಿಲ್ಲ.

ತೊಂದರೆಯಿದ್ದದ್ದು ಮನೆಯ ಓನರ್ ಅಮ್ಮನವರ ವಿಷಯದಲ್ಲಿ. ಅವರು ಕೆಳಗೆ, ನಾವು ಮೇಲೆ. ನಾನು ಅವರ ಜಾತಿಯವನೇ ಎಂಬ ಒಂದೇ ಕಾರಣಕ್ಕೆ ಮನೆ ಕೊಟ್ಟಿದ್ದರು. "ಹುಡುಗಿ ಕಿರಿಸ್ತಾನರವಳಾದ್ರೂ ಪರವಾಗಿಲ್ಲ ಮೇಷ್ಟ್ರೇ, ಒಲೆ ಮಾತ್ರ ನಮ್ಮ ಒಲೆ ಥರಾನೇ ಇರ್ಬೇಕು," ಎಂದಿದ್ದರು. ಹಾಗೇ ಇರುತ್ತದೆಂದು ಮಾತು ಕೊಟ್ಟಿದ್ದೆ. ನನ್ನ ಹೆಂಡತಿಯೂ ಎರಡು ವರ್ಷ ಆ ಮಾತನ್ನು ನಡೆಸಿಕೊಂಡು ಬಂದಿದ್ದಳು.

ಆ ಮಾತು ಮುರಿಯಲು ನನಗೆ ಧೈರ್ಯ ಕೊಟ್ಟದ್ದು ಒಂದು ಕರೆಂಟಿನ ಮಡಕೆ. ಅವಳ ಅಕ್ಕ ಗಲ್ಫಿನಲ್ಲಿ ನರ್ಸ್ ಆಗಿದ್ದಾಗ ಬಳಸುತ್ತಿದ್ದ ಸ್ಲೋ ಕುಕ್ಕರ್ ಅದು. ವಾಪಸು ಬಂದಾಗ ನಮಗೆ ಕೊಟ್ಟಿದ್ದರು. ಒಳಗೆ ದಪ್ಪ ಪಿಂಗಾಣಿಯ ಬಟ್ಟಲು, ಮೇಲೆ ಗಾಜಿನ ಮುಚ್ಚಳ. ಸೀಟಿಯಿಲ್ಲ, ಹಬೆಯೂ ಅಷ್ಟಾಗಿ ಹೊರಗೆ ಬರುವುದಿಲ್ಲ. ಎಂಟು ಗಂಟೆ ಹೊತ್ತು ಸದ್ದಿಲ್ಲದೆ ಬೇಯುತ್ತದೆ. ಕಿಟಕಿ ಮುಚ್ಚಿದರೆ ಕೆಳಗಿನವರಿಗೆ ಗೊತ್ತಾಗುವುದಿಲ್ಲವೆಂಬುದು ನನ್ನ ಲೆಕ್ಕ.

ಉದಯಗಿರಿಯಿಂದ ಬರುವ ದಾರಿಯಲ್ಲಿ ನಾಲ್ಕು ಕಟ್ಟು ದಂಟಿನ ಸೊಪ್ಪು ಕೊಂಡು, ಬಟ್ಟೆಚೀಲದಲ್ಲಿ ಕವರಿನ ಮೇಲೆ ಹರಡಿದೆ. ಗೇಟಿನಲ್ಲೇ ಅಮ್ಮನವರು ರಂಗೋಲಿ ಮುಗಿಸಿ ಏಳುತ್ತಿದ್ದರು.

"ಏನ್ ತಂದ್ರಿ ಮೇಷ್ಟ್ರೇ?"

"ಸೊಪ್ಪು ಅಮ್ಮ."

"ಚೆನ್ನಾಗಿದೆಯಲ್ಲ! ನಂಗೊಂದು ಕಟ್ಟು ಕೊಡಿ, ಇವತ್ತು ಬಸ್ಸಾರು ಮಾಡ್ತೀನಿ." ಅವರು ಚೀಲಕ್ಕೇ ಕೈಹಾಕಲು ಬಂದರು. ನಾನು ಚೀಲವನ್ನು ಹಿಂದಕ್ಕೆಳೆದು, ಎರಡು ಕಟ್ಟು ತೆಗೆದು ಅವರ ಕೈಗಿಟ್ಟು ಮೆಟ್ಟಿಲು ಹತ್ತಿದೆ.

ಅಡಿಗೆಮನೆಯಲ್ಲಿ ಕೊರಳಿನ ಲಿಂಗವನ್ನು ಬೆನ್ನ ಹಿಂದಕ್ಕೆ ಸರಿಸಿ, ಬನಿಯನ್ನಿನೊಳಗೆ ಸೇರಿಸಿಕೊಂಡೆ. ತೆಗೆದಿಡುವ ಮನಸ್ಸಾಗಲಿಲ್ಲ, ಮುಂದಿಟ್ಟುಕೊಂಡು ಮಾಡುವ ಮನಸ್ಸೂ ಆಗಲಿಲ್ಲ. ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದಾಗ ನೀರು ಕೆಂಪಗೆ ಹರಿಯಿತು. ಮೂರು ಸಲ ತೊಳೆದೆ. ನಾಲ್ಕನೇ ಸಲ ಕಣ್ಣು ಬೇರೆ ಕಡೆ ಇಟ್ಟುಕೊಂಡು ತೊಳೆದೆ.

ಹೆಂಡತಿ ಕೋಣೆಯಿಂದಲೇ ಹೇಳುತ್ತಿದ್ದಳು. "ಈರುಳ್ಳಿ ಕೆಂಪಗಾಯ್ತಾ?"

"ಆಯ್ತು."

"ಶುಂಠಿ ಬೆಳ್ಳುಳ್ಳಿ ಹಾಕಿ. ಮೆಣಸು, ಚಕ್ಕೆ, ಲವಂಗ. ಧನಿಯ ಪುಡಿ ಎರಡು ಚಮಚ. ಆಲೂಗಡ್ಡೆ ದೊಡ್ಡದಾಗಿ ಹೆಚ್ಚಿದೀರಾ? ಅದನ್ನ ತಳಕ್ಕೆ ಹಾಕಿ, ಮಾಂಸ ಮೇಲಕ್ಕೆ. ಆ ಮಡಕೇಲಿ ಆಲೂಗಡ್ಡೇನೇ ನಿಧಾನಕ್ಕೆ ಬೇಯೋದಂತೆ, ಅಕ್ಕ ಹೇಳಿದ್ಲು."

"ಉಪ್ಪು?"

"ಒಂದು ಚಿಟಿಕೆ ಹಾಕಿ. ಆಮೇಲೆ ನೋಡೋಣ."

ಒಂಬತ್ತಕ್ಕೆ ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿಕೊಂಡಿತು. ಕಿಟಕಿಗಳನ್ನೆಲ್ಲ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ತುರುಕಿದೆ. ಪರೀಕ್ಷೆಯ ಪೇಪರ್ ತಿದ್ದಲು ಕೂತರೆ ಒಂದು ಪೇಪರಿಗೆ ಎರಡು ಸಲ ಅಂಕ ಕೂಡಿಸಿದೆ, ಎರಡು ಸಲವೂ ಬೇರೆ ಬೇರೆ ಬಂತು.

ಹನ್ನೊಂದೂವರೆಗೆ ಫ್ಯಾನ್ ನಿಂತಿತು. ಬೀದಿಯಲ್ಲಿ ಯಾರೋ, "ಲೈನ್ ರಿಪೇರಿಯಂತೆ ಕಣ್ರೀ, ಸಾಯಂಕಾಲದ ತನಕ ಇಲ್ವಂತೆ," ಎನ್ನುವುದು ಕೇಳಿಸಿತು.

ಗಾಜಿನ ಮುಚ್ಚಳದೊಳಗೆ ಎಲ್ಲವೂ ಸುಮ್ಮನೆ ನಿಂತಿತ್ತು. ಮಾಂಸ ಬೂದಿಬಣ್ಣಕ್ಕೆ ತಿರುಗಿತ್ತು, ಅಷ್ಟೆ. ಚಾಕು ಚುಚ್ಚಿದರೆ ಹೋಗುತ್ತಿರಲಿಲ್ಲ. ಒಂದು ಗಂಟೆಯವರೆಗೂ ಕಾದೆ. ಕರೆಂಟ್ ಬರಲಿಲ್ಲ.

"ಹಂಗೇ ಉಗುರುಬೆಚ್ಚಗೆ ಇದ್ರೆ ಕೆಟ್ಟೋಗತ್ತೆ ರೀ," ಎಂದಳು ಹೆಂಡತಿ. "ಬಿಡಿ, ಚೆಲ್ಬಿಡಿ. ಪಪ್ಪಂಗೆ ಅನ್ನ ಸಾರು ಮಾಡಿದ್ರಾಯ್ತು." ಅವಳ ದನಿಯಲ್ಲಿ ಆಸೆ ಬಿಟ್ಟವರ ಸಮಾಧಾನವಿತ್ತು. ಹಿಂದಿನ ವರ್ಷ ಆಸ್ಪತ್ರೆಯಿಂದ ಬರಿಗೈಯಲ್ಲಿ ಬರುವಾಗ ಆಟೋದಲ್ಲಿ ಇದೇ ದನಿಯಲ್ಲಿ ಮಾತಾಡಿದ್ದಳು. ಅದನ್ನು ಇನ್ನೊಮ್ಮೆ ಕೇಳಲು ನನ್ನಿಂದಾಗಲಿಲ್ಲ.

ಪಿಂಗಾಣಿ ಬಟ್ಟಲನ್ನು ಉರಿಯ ಮೇಲಿಟ್ಟರೆ ಒಡೆಯುತ್ತದೆ. ಎಲ್ಲವನ್ನೂ ಅಲ್ಯೂಮಿನಿಯಂ ಪಾತ್ರೆಗೆ ಸುರಿದು, ಗ್ಯಾಸ್ ಮೇಲಿಟ್ಟು, ತಟ್ಟೆ ಮುಚ್ಚಿ, ಅದರ ಮೇಲೆ ಒರಳಿನ ಗುಂಡು ಹೇರಿದೆ. ಹತ್ತು ನಿಮಿಷಕ್ಕೆಲ್ಲ ಮನೆ ತುಂಬ ವಾಸನೆ. ಮುಚ್ಚಿದ ಕಿಟಕಿ, ನಿಂತ ಫ್ಯಾನು, ಬೆಂದ ಮಾಂಸದ ಮಂದವಾದ ವಾಸನೆ. ಅದು ಟವೆಲ್ಲಿಗೆಲ್ಲ ನಿಲ್ಲುವಂಥದ್ದಲ್ಲ.

ಎರಡೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಓನರ್ ಅಮ್ಮ, ಸೊಂಟದಲ್ಲಿ ಖಾಲಿ ಬಿಂದಿಗೆ.

"ಮೇಷ್ಟ್ರೇ, ಕರೆಂಟಿಲ್ದೆ ಮೋಟ್ರು ಓಡ್ತಿಲ್ಲ. ನಿಮ್ಮನೇಲಿ ನೀರು ತುಂಬ್ಸಿಟ್ಟಿದ್ರೆ ಒಂದು..." ಅಲ್ಲಿಗೇ ನಿಲ್ಲಿಸಿದರು. ಸೆರಗು ಮೂಗಿಗೆ ಹೋಯಿತು. "ಏನಿದು?"

ಬೆಳಿಗ್ಗೆಯಿಂದ ನಾಲ್ಕೈದು ಸುಳ್ಳುಗಳನ್ನು ಜೋಡಿಸಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಮಾಂಸ ಬೇಯಿಸ್ತಿದೀನಿ ಅಮ್ಮ. ಅವಳು ಬಯಕೆ ಅಂತ ಕೇಳಿದ್ಲು."

"ಕುರೀದಾ?"

"ಅಲ್ಲ."

ಅವರು ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಹೆಗಲಾಚೆ, ಕೋಣೆಯ ಬಾಗಿಲಲ್ಲಿ ಕಾಣುತ್ತಿದ್ದ ಮಂಚದ ತುದಿಯನ್ನು ನೋಡಿದರು. "ನೀವೇ ಮಾಡ್ತಿದೀರಾ? ನೀವೇ ಕೈಯಿಟ್ಟು?" ಎಂದರು. ಹೂಂ ಎಂದೆ. ಅವರು ತಿರುಗಿ ಮೆಟ್ಟಿಲ ಕಡೆ ಹೋದರು. ನೀರು ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯ ನೀರಿನ ಕೊಳಗ ತುಂಬಿದ್ದರೂ ಖಾಲಿ ಬಿಂದಿಗೆ ಹೊತ್ತು ಇಳಿದರು.

ಹೆಂಡತಿಗೆ ಎಲ್ಲ ಕೇಳಿಸಿತ್ತು. ಅವಳ ಮುಖ ನೋಡಿ, ಬಿ.ಪಿ. ಏರಿದರೆ ಏನು ಮಾಡುವುದೆಂದು ಹೆದರಿದೆ. ಮಾತು ಬದಲಿಸಲು ಒಂದು ಚಮಚ ಗಸಿ ತೆಗೆದುಕೊಂಡು ಹೋಗಿ, ಆರಿಸಿ, ಅವಳ ಬಾಯಿಗಿಟ್ಟೆ. "ಉಪ್ಪು ನೋಡು. ನಂಗೆ ಗೊತ್ತಾಗಲ್ಲ."

ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. "ಸರಿಯಾಗಿದೆ," ಎಂದಳು. "ಅಮ್ಮ ಮಾಡಿದ ಹಾಗೇ ಇದೆ."

ಮಾವ ಆರೂವರೆಗೆ ಬಂದರು. ಬಿಳಿ ಶರ್ಟು, ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು. ಅವರು ಒಳಗೆ ಬರುವುದಕ್ಕೂ ಕರೆಂಟ್ ಬರುವುದಕ್ಕೂ ಸರಿಹೋಯಿತು. ನಾನು ಚಪ್ಪಲಿ ಬಿಡುವ ಜಾಗ ತೋರಿಸಿದೆ, ಅವರು ತಲೆಯಾಡಿಸಿದರು. ನಮ್ಮಿಬ್ಬರ ಮೊದಲ ಮಾತುಕತೆ ಅಷ್ಟೇ. ಹೆಂಡತಿ ಹೊದಿಕೆಯನ್ನು ಪಾದದವರೆಗೂ ಎಳೆದುಕೊಂಡಳು.

"ಹೆಂಗಿದೀಯ?"

"ಚೆನ್ನಾಗಿದೀನಿ ಪಪ್ಪಾ."

ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿ ಅವರಿಗೆ ಬಡಿಸಿದೆ, ಅವಳಿಗೂ ಕೊಟ್ಟೆ. ಮಾವ ಬ್ರೆಡ್ಡು ಅದ್ದಿ, ಒಂದು ತುಂಡು ಮಾಂಸ ಬಾಯಿಗಿಟ್ಟುಕೊಂಡರು. ನಾನು ಗೋಡೆಗೊರಗಿ ನಿಂತು ಅವರ ದವಡೆಯನ್ನೇ ನೋಡುತ್ತಿದ್ದೆ.

"ಮೆತ್ತಗೆ ಬೆಂದದೆ," ಎಂದರು. ಇನ್ನೊಂದು ತುಂಡು ಬಾಯಿಗಿಟ್ಟು, "ಉಪ್ಪೇ ಇಲ್ವಲ್ಲ," ಎಂದರು.

"ಇಲ್ವಾ?" ಎಂದಳು ಹೆಂಡತಿ. "ನಂಗೆ ಸರಿಯಾಗೇ ಇದೆಯಲ್ಲ."

"ತರ್ತೀನಿ ಇರಿ," ಎಂದು ನಾನು ಹೊರಟೆ. ಅವರು ಕೈಯೆತ್ತಿ ತಡೆದರು. "ನೀನು ರುಚಿ ನೋಡ್ಲಿಲ್ವಾ?"

"ನಾನು ತಿನ್ನಲ್ಲ. ಅವಳೇ ನೋಡಿದ್ದು."

"ಇವಳಾ? ಇವಳಿಗೆ ಚಿಕ್ಕೋಳಿಂದ್ಲೂ ಉಪ್ಪು ಒಂದು ಕೈ ಮುಂದೇ ಬೇಕು. ಗಂಜಿಗೇ ಎರಡು ಸಲ ಹಾಕ್ಕೊಳೋಳು."

ಆಗ ಹೇಳಬೇಕಾಯಿತು. ಡಾಕ್ಟರು ಉಪ್ಪು ಬಿಡಿಸಿ ಒಂದು ತಿಂಗಳಾಯಿತೆಂದೂ, ಅವಳ ನಾಲಿಗೆ ಅದಕ್ಕೇ ಒಗ್ಗಿಹೋಗಿದೆಯೆಂದೂ, ಹಿಂದಿನದು ಹೋದದ್ದನ್ನೂ ಹೇಳಿದೆ. ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಮಾವ ಎತ್ತಿದ ತುತ್ತನ್ನು ತಟ್ಟೆಯಲ್ಲಿಟ್ಟರು. ಎಡಗೈಯಿಂದ ಹೊದಿಕೆಯ ಅಂಚೆತ್ತಿ ಮಗಳ ಕಾಲು ನೋಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿದ ಕಡೆ ಗುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೂ ನೋಡುತ್ತಲೇ ಇದ್ದರು.

"ನಂಗ್ಯಾಕೆ ಒಂದ್ ಮಾತು ಹೇಳ್ಲಿಲ್ಲ?" ಎಂದರು. ಯಾರನ್ನು ಕೇಳಿದರೋ.

ನಾನು ಮತ್ತೆ ಉಪ್ಪು ತರಲು ಹೊರಟಾಗ, "ಬುಡು, ಬ್ಯಾಡ. ಹಿಂಗೇ ತಿಂತೀನಿ," ಎಂದರು. ತಿಂದರು. ಇನ್ನೊಂದು ಸಲ ಹಾಕಿಸಿಕೊಂಡೂ ತಿಂದರು. ಹೆಂಡತಿ ಆಲೂಗಡ್ಡೆಯನ್ನು ಗಸಿಯಲ್ಲಿ ಕಿವುಚಿ, ಆ ತಿಂಗಳಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿದಳು. ಊಟವಾದ ಮೇಲೆ ಮಾವ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ಹೋದರು. ನಾನು ಅಡ್ಡ ಹೋದರೆ, "ನೀನು ಮುಟ್ಬೇಡ, ಬೆಳಗಿಂದ ಮುಟ್ಟಿದ್ದು ಸಾಕು. ನಾನು ತೊಳೀತೀನಿ," ಎಂದರು. ಬೂದಿ ಹಾಕಿ ತಿಕ್ಕುವ ಹಾಗೆ ಸೋಪಿನಲ್ಲಿ ಮೂರು ಸಲ ತಿಕ್ಕಿ, ಕವುಚಿಟ್ಟು ಹೋದರು.

ಮಾರನೇ ದಿನ ಶಾಲೆಗೆ ಹೊರಟಾಗ ಅಮ್ಮನವರು ಗೇಟಿನ ಬಳಿ ಕಾಯುತ್ತಿದ್ದರು. "ಹೆರಿಗೆಯಾಗಿ ಮೂರು ತಿಂಗಳು ತುಂಬೋ ತನಕ ಇರಿ ಮೇಷ್ಟ್ರೇ. ಆಮೇಲೆ ಬೇರೆ ಮನೆ ನೋಡ್ಕೊಳಿ," ಎಂದರು. ಆಗಲಿ ಎಂದೆ. ಅವರು ಇನ್ನೂ ಏನೋ ಹೇಳುವುದಿದೆ ಎಂಬಂತೆ ನಿಂತಿದ್ದರು. "ನಿನ್ನೆ ಬೆಳಿಗ್ಗೆ ಸೊಪ್ಪು ಅಂದ್ರಲ್ಲ, ನಂಗೆ ಬೇಜಾರಾಗಿದ್ದು ಅದಕ್ಕೇ," ಎಂದರು.

ಎಂಟನೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಹಿಡಿಯಷ್ಟಿತ್ತು. ಹದಿನೈದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಷ್ಟೂ ದಿನ ಮಾವ ಮತ್ತು ನಾನು ಆಸ್ಪತ್ರೆಯ ಬೆಂಚಿನ ಎರಡು ತುದಿಯಲ್ಲಿ ಕೂತಿರುತ್ತಿದ್ದೆವು. ಏಳನೇ ದಿನದ ಹೊತ್ತಿಗೆ ನಡುವೆ ಒಂದು ಫ್ಲಾಸ್ಕ್ ಬಂತು.

ಮನೆಗೆ ಕರೆತಂದ ಮಗುವನ್ನು ಮುಟ್ಟಲು ನಮ್ಮಿಬ್ಬರಿಗೂ ಭಯ. ಹೇಳಿಕಳಿಸದಿದ್ದರೂ ಅಮ್ಮನವರು ಮೇಲೆ ಬಂದರು. ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆದರು. ಮೂರು ತಿಂಗಳು ತುಂಬುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಮನೆ ಖಾಲಿ ಮಾಡಿ ಎಂದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಾರೆಂದು ನಾನು ಪ್ರತಿದಿನ ಕಾದೆ.

ಮಾವ ತಮ್ಮ ಮನೆಯ ಹತ್ತಿರವೇ ನಮಗೊಂದು ಮನೆ ನೋಡಿದ್ದರು. ಸಾಮಾನು ಟೆಂಪೋಗೆ ಏರುವವರೆಗೂ ಅಮ್ಮನವರು ಗೇಟಿನ ನೆರಳಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಕೊನೆಗೆ ಅದರ ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟು ನನ್ನ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಅಂಗೈ ಚಾಚಿದರು. ನಾನು ಮನೆಯ ಬೀಗದ ಕೈ ಕೊಟ್ಟೆ.