ಬಿಡೋ ಸಾಲು ಮೊದಲು

ಮೇ ತಿಂಗಳಲ್ಲಿ ಅಕ್ಕಾರು ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನೀರು ಕಿವಿಯ ಪಕ್ಕದಿಂದ ಇಳಿದು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾಗಪುರದ ಬಿಸಿಲಿಗೆ ನಮ್ಮ ಬಜಾಜ್ ನಗರದ ಆಫೀಸಿನ ಕೂಲರ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಯಾರಾದರೂ ನಕ್ಕರೆ, "ನಗ್ರಿ, ನಗ್ರಿ. ತಲಿ ನಂದು ತಂಪೈತಿ" ಎನ್ನುತ್ತಿದ್ದರು.

ಧಾರವಾಡದ ಕಡೆಯವರು, ಗಂಡ ವಾಯುಪಡೆಯಲ್ಲಿ. ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದ್ದರು; ಆ ಕಡೆ ಟೀಚರಮ್ಮನಿಗೆ ಅಕ್ಕಾರು ಎನ್ನುತ್ತಾರೆ, ಹಾಗಾಗಿ ಆ ಕಂಪನಿಯಲ್ಲಿದ್ದ ಇನ್ನೊಬ್ಬಳೇ ಕನ್ನಡದವಳಾದ ನನಗೆ ಅವರು ಅಕ್ಕಾರು. ಎರಡು ಸಾವಿರದ ಇಸವಿಯ ಆಚೀಚೆ ನಾವು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳಿಗೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಬರೆಯುತ್ತಿದ್ದೆವು. ಚಿತ್ರ ಬೇಗ ಮೂಡಲೆಂದು ಪ್ರೋಗ್ರಾಮಿನ ಮೆಮೊರಿಯನ್ನು ಅಲುಗಾಡದಂತೆ ಪಿನ್ ಮಾಡಿ ಹಿಡಿದು, ಗ್ರಾಫಿಕ್ಸ್ ಕಾರ್ಡು ನೇರವಾಗಿ ಅಲ್ಲೇ ಬರೆಯುವಂತೆ ಮಾಡಬೇಕಿತ್ತು; ಕೆಲಸ ಮುಗಿದ ಮೇಲೆ ಹಿಡಿದದ್ದನ್ನು ಬಿಡಬೇಕಿತ್ತು. ಅಕ್ಕಾರ ನಿಯಮ ಒಂದೇ: "ಬಿಡೋ ಸಾಲು ಮೊದಲು ಬರಿ. ಹಿಡಿಯೋ ಸಾಲು ಆಮ್ಯಾಲೆ." ಹಿಡಿಯುವುದನ್ನು ಮೊದಲು ಬರೆದರೆ ನನ್ನ ಕೋಡನ್ನು ಮುಂದೆ ಓದದೆಯೇ ಅಳಿಸಿಹಾಕುತ್ತಿದ್ದರು ಮಹಾತಾಯಿ!

ನನಗೆ ಅದೆಲ್ಲ ಬರೀ ಮಡಿ ಅನ್ನಿಸುತ್ತಿತ್ತು. ಬಿಡುವ ಸಾಲನ್ನೇನೋ ಮೊದಲೇ ಬರೆದೆ. ಆದರೆ ಡಾಕ್ಟರು ಸ್ಕ್ಯಾನನ್ನು ನಡುವೆ ರದ್ದು ಮಾಡಿದರೆ, ಕಾರ್ಡು ಮುಗಿಸಿತೇ ಎಂದು ಕೇಳದೆ ಮೆಮೊರಿ ಬಿಟ್ಟುಬಿಡುವಂತೆ ಬರೆದೆ. ಯಂತ್ರ ಕಳಿಸುವ ಮುನ್ನಾ ದಿನ, ಪರೀಕ್ಷೆಯಲ್ಲಿ, ಒಬ್ಬ ರೋಗಿಯ ಹೊಟ್ಟೆಯ ಚಿತ್ರದ ನಡುವೆ ನಡುವೆ ರದ್ದು ಮಾಡಿದ್ದ ಹಿಂದಿನ ಸ್ಕ್ಯಾನಿನ ರೋಗಿಯ ಹೊಟ್ಟೆಯ ಒಂದು ಪಟ್ಟಿ ಬಂದು ಕೂತಿತು.

"ಮನಿ ಬ್ಯಾರೇದವ್ರಿಗೆ ಕೊಟ್ಟಿ. ಬಣ್ಣ ಹಚ್ಚಾಂವ ಇನ್ನೂ ಒಳಗ ಅದಾನವಾ," ಎಂದರು ಅಕ್ಕಾರು, ನನಗೊಬ್ಬಳಿಗೇ ಕೇಳಿಸುವಂತೆ. ನಾನು ಬಿಟ್ಟ ಮೆಮೊರಿ ಹೊಸ ಚಿತ್ರಕ್ಕೆ ಹೋಗಿತ್ತು; ಕಾರ್ಡು ಇನ್ನೂ ಅದರಲ್ಲಿ ಹಳೆಯದನ್ನೇ ಬರೆಯುತ್ತಿತ್ತು.

ಮಾಲೀಕರು ಬಂದು ನೋಡಿದರು. ಸಾವಿರಕ್ಕೊಮ್ಮೆ ಹೀಗಾದೀತು, "ಚಲ್ತಾ ಹೈ ಮೇಡಂ," ಯಂತ್ರ ಸರಿಯಿದೆ ಎನ್ನುವ ಹಾಳೆಗೆ ಸಹಿ ಹಾಕಿ ಎಂದರು. ಅಕ್ಕಾರು ಹಿಂದಿಯಲ್ಲೇ ಕೇಳಿದರು: ಆ ಸಾವಿರದೊಳಗಿನ ಒಬ್ಬನ ಹೊಟ್ಟೆ ಕೊಯ್ಯುವಾಗ ನೀವು ಪಕ್ಕದಲ್ಲಿ ನಿಲ್ಲುತ್ತೀರಾ? ತಪ್ಪು ಯಾರದು ಎಂದು ಮಾಲೀಕರು ಗುಡುಗಿದಾಗ, ಅಕ್ಕಾರು, "ನೋಡಿಕೊಳ್ಳಬೇಕಿದ್ದವಳು ನಾನು, ಆದ್ದರಿಂದ ನನ್ನದೇ," ಎಂದರು. ಹಾಗಾದರೆ ನಾಳೆಯಿಂದ ಬರಬೇಡಿ ಎಂದ ಮಾಲೀಕರು ಹಾಳೆಯನ್ನು ನನ್ನ ಕಡೆ ತಳ್ಳಿದರು.

ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಲ್ಲಿ. ಆದರೂ ಎದ್ದು ನಿಂತೆ. "ತಪ್ಪು ನನ್ನದು ಸರ್. ಸರಿಹೋಗುವವರೆಗೆ ನಾನೂ ಸಹಿ ಹಾಕೋದಿಲ್ಲ," ಎಂದೆ.

ಡ್ರೈವರ್ ಬಲ್ಲ ಮೂರನೆಯವರು ಅಲ್ಲಿರಲಿಲ್ಲ. ಯಂತ್ರ ಕಳಿಸುವುದು ನಿಂತಿತು. ಕಾರ್ಡು ಮುಗಿಯಿತು ಎನ್ನುವತನಕ ಏನನ್ನೂ ಬಿಡದಂತೆ, ಒಂದು ವಾರದಲ್ಲಿ ನಾನೇ ಸರಿಮಾಡಿದೆ. ನನ್ನನ್ನು ಉಳಿಸಿಕೊಂಡರು, ಅಕ್ಕಾರನ್ನು ವಾಪಸ್ ಕರೆಯಲಿಲ್ಲ. ಅವರ ಮನೆಗೆ ಹೋಗಿ ಗೊಳೋ ಎಂದು ಅತ್ತೆ. "ಅಳೂದು ಸಾಕು. ಯಂತ್ರ ಬರೋಬರ್ ಹೋತಿಲ್ಲೋ?" ಎಂದು ಕೇಳಿ ಚಹಾಕ್ಕೆ ಇಟ್ಟರು.

ಆಮೇಲೆ ಆ ಊರಿನಲ್ಲಿ ಅವರಿಗೆ ಅಂಥ ಕೆಲಸ ಸಿಗಲೇ ಇಲ್ಲ. ಅವರು ತೀರಿಕೊಂಡು ಐದು ವರ್ಷವಾಯಿತು. ನನ್ನ ತಪ್ಪಿಗೆ ಕೆಲಸ ಕಳೆದುಕೊಂಡವರು ಅವರು; ಅದೇ ಕೆಲಸದಲ್ಲಿ ತಲೆ ನರೆಸಿಕೊಂಡವಳು ನಾನು. ಈಗ ಇನ್ನೊಂದು ಕಂಪನಿಯಲ್ಲಿ ಸಹಿ ಹಾಕುವ ಕುರ್ಚಿ ನನ್ನದು. ಮೇಲಿನವರು ಜಲ್ದಿ, ಜಲ್ದಿ ಎಂದು ಗದರುತ್ತಾರೆ. ಗದರಲಿ. ಸರಿಹೋಗುವವರೆಗೆ ಹಾಕುವುದಿಲ್ಲ.