ಹನ್ನೊಂದನೇ ಪುಟದ ಟೀಚರ್

ಕಂಪ್ಯೂಟರಿನಲ್ಲಿ ಎಂಟರ್ ಒತ್ತುವ ಮೊದಲು ಜಲಜಾಕ್ಷಿ ಟೀಚರ್ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾವೂ ಹಾಗೆಯೇ ಕೂರಬೇಕಿತ್ತು. ಬರೆದದ್ದನ್ನು ಇನ್ನೊಮ್ಮೆ ಓದಿ ಮುಗಿಸುವ ತನಕ ಕೈ ಮೇಲೆ ಬರುವಂತಿರಲಿಲ್ಲ.

ಅವರು ನರಿಕೊಂಬಿನವರು. ಗಣಿತ ಕಲಿಸಿ ನಿವೃತ್ತರಾದ ಮೇಲೆ ತಾವೇ ಪ್ರೋಗ್ರಾಮಿಂಗ್ ಕಲಿತು, ಬಂಟ್ವಾಳದ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮಂಥ ಹೊಸಬರಿಗೆ ಭಾನುವಾರ ಪಾಠ ಮಾಡುತ್ತಿದ್ದರು. ಕನ್ನಡದಲ್ಲಿ ಅವರೇ ಬರೆದ ನಲವತ್ತು ಪುಟದ ಜೆರಾಕ್ಸ್ ಪುಸ್ತಕವೇ ನಮ್ಮ ಪಠ್ಯ. ಬೇರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮನ್ನು, ಅಂದರೆ ಪ್ಯಾಕೇಜನ್ನು, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಪಾಠ ಬಂದಾಗ ಅವರ ದನಿ ಗಟ್ಟಿಯಾಗುತ್ತಿತ್ತು. "ಬಸ್ಸಿನಲ್ಲಿ ಪಕ್ಕ ಕೂತವರಿಗೇ ಯಾವ ಊರು, ಯಾರ ಮನೆ ಅಂತ ಕೇಳುವ ಜನ ನಾವು. ಇದನ್ನು ಯಾರು ಮಾಡಿದ್ದು, ಈಗ ಯಾರು ನೋಡಿಕೊಳ್ತಾರೆ ಅಂತ ಕೇಳ್ಲಿಕ್ಕೆ ಏನು ನಾಚಿಕೆ?"

ಅಂಥವರೇ ಒಮ್ಮೆ ತಪ್ಪಿದರು. ಹನ್ನೊಂದನೇ ಪುಟದಲ್ಲಿ ಒಂದು ಪ್ಯಾಕೇಜಿನ ಹೆಸರನ್ನು ವರ್ಷನ್ ನಂಬರ್ ಹಾಕದೆ ಬರೆದಿದ್ದರು. ಹಾಗೆ ಬರೆದರೆ ಕಂಪ್ಯೂಟರ್ ಎಲ್ಲಕ್ಕಿಂತ ಹೊಸದನ್ನೇ ಇಳಿಸಿಕೊಳ್ಳುತ್ತದೆ. ಕೆಲವು ವರ್ಷಗಳ ಮೇಲೆ ಆ ಪ್ಯಾಕೇಜು ಮಾಡಿದವನು ಅದನ್ನು ಕೈಬಿಟ್ಟ, ಅದು ಇನ್ಯಾರದೋ ಕೈ ಸೇರಿತು, ಹೊಸ ವರ್ಷನ್ ಜನರ ಪಾಸ್‌ವರ್ಡುಗಳನ್ನು ಕದಿಯತೊಡಗಿತು.

ಸುದ್ದಿ ಓದಿದ ದಿನವೇ ಟೀಚರ್ ಹಳೆಯ ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನು ಮಾಡಿ, ಆ ಸಾಲನ್ನು ಹೊಡೆದುಹಾಕಲು ಹೇಳಿದರು. ಆಗ ಅವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಬೆಳ್ತಂಗಡಿಯ ಕಡೆಯ ಶಾಲೆಯೊಂದರಲ್ಲಿ ಅದೇ ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದ ನನಗೂ ಫೋನು ಬಂತು. "ಆಯ್ತು ಟೀಚರ್, ಇವತ್ತೇ ತಿದ್ತೇನೆ" ಎಂದೆ. ತಿದ್ದಲಿಲ್ಲ. ಆ ಪಾಠಕ್ಕೆ ಇನ್ನೂ ಎರಡು ವಾರ ಇದೆಯಲ್ಲ ಎಂಬ ಉದಾಸೀನ. ಅದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಹತ್ತು ದಿನದ ಮೇಲೆ ಅವರು ಶಾಲೆಗೇ ಬಂದರು, ಬಸ್ಸಿನಲ್ಲಿ, ಒಬ್ಬರೇ. ಪಾದಗಳು ಊದಿದ್ದವು. "ಹನ್ನೊಂದನೇ ಪುಟ ತೋರಿಸು" ಎಂದರು. ಮಕ್ಕಳ ಮೂವತ್ತು ಪ್ರತಿಗಳಲ್ಲಿ ಒಂದರಲ್ಲೂ ತಿದ್ದಿದ ಗುರುತಿರಲಿಲ್ಲ.

"ನೀವು ಕೂತ್ಕೊಳ್ಳಿ ಟೀಚರ್, ನಾನು ಮಾಡ್ತೇನೆ" ಎಂದೆ.

"ಫೋನಿನಲ್ಲಿಯೂ ಅದನ್ನೇ ಹೇಳಿದ್ದಲ್ಲ ಮಾರಾಯ್ತಿ" ಎಂದರು. ಬೈದದ್ದು ಅಷ್ಟೇ. ಮೂವತ್ತರಲ್ಲೂ ಕೆಂಪು ಪೆನ್ನಿನಿಂದ ಆ ಸಾಲಿಗೆ ಅಡ್ಡ ಗೆರೆ ಎಳೆದು, ಕೆಳಗೆ "ಇದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದರು. "ಪುಸ್ತಕದಲ್ಲಿ ಉಂಟು ಅಂತ ಮಕ್ಕಳು ಕಣ್ಣು ಮುಚ್ಚಿ ಎಂಟರ್ ಒತ್ತುತ್ತಾರೆ. ನನ್ನನ್ನು ನಂಬಿದವರಿಗೇ ಮೋಸ ಆಗುವುದು ಬೇಡ." ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಮೇಲೆ ಅವರ ತಂಗಿ ಆ ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹೆಸರುಗಳ ಮುಂದೆಲ್ಲ ಕೆಂಪು ಗುರುತು. ನನ್ನ ಹೆಸರಿನ ಮುಂದೆ ಎರಡು. ಮೂಡುಬಿದಿರೆಯ ಒಬ್ಬಳ ಹೆಸರಿನ ಮುಂದೆ ಮಾತ್ರ ಗುರುತಿರಲಿಲ್ಲ. "ಫೋನು ಹೋಗುವುದಿಲ್ಲ, ಮನೆಗೆ ಹೋಗಬೇಕು" ಎಂದು ಬರೆದಿತ್ತು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದೆ.

ಮರುದಿನ ಶಾಲೆಗೆ ರಜೆ ಹಾಕಿ, ಕೆಂಪು ಪೆನ್ನು ತೆಗೆದುಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ.