ಮಹಾನಂದಾಳ ಲೇತ್ ಮಿಷನ್ನು

ನಮ್ಮ ಯಜಮಾನರು ಪಟ್ಟಾಭಿರಾಮ ಸರ್ಕಾರಿ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿದ್ದವರು. ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ಮೇಲೂ ಆ ವಿಭಾಗ ಅವರನ್ನು ಬಿಡಲಿಲ್ಲ. ಬೆಳಗಿನ ವಾಕಿಂಗಿಗೊಂದು ಯೋಜನೆ, ಸಂಸ್ಕೃತ ಕಲಿಯುವುದಕ್ಕೊಂದು ಯೋಜನೆ, ಹೊಟ್ಟೆ ಕರಗಿಸುವುದಕ್ಕೊಂದು ಯೋಜನೆ. ಎಲ್ಲವನ್ನೂ ಬಣ್ಣದ ಪೆನ್ಸಿಲಿನಲ್ಲಿ ಚೌಕ ಹಾಕಿ ಗೋಡೆಗೆ ಅಂಟಿಸುತ್ತಿದ್ದರು. ಗೋಡೆ ತುಂಬಿತು, ಹೊಟ್ಟೆ ಇದ್ದ ಹಾಗೇ ಇತ್ತು. ಹೀಗಾಗಿ ಗುರಿ, ಛಲ, ಸಾಧನೆ ಅಂತ ಯಾರಾದರೂ ಬಾಯಿ ತೆಗೆದರೆ ನನಗೆ ಮೈ ಉರಿಯುತ್ತದೆ. ಆದರೂ ಈಗ ನಾನು ಹೇಳಹೊರಟಿರುವುದು ಅದನ್ನೇ. ನನ್ನ ಕಣ್ಣೆದುರಿಗೇ ಒಬ್ಬಳು ಅದನ್ನು ಮಾಡಿ ತೋರಿಸಿದ ಮೇಲೆ ಸುಮ್ಮನಿರುವುದು ಹೇಗೆ?

ಬಾಗಲಗುಂಟೆಯ ನಮ್ಮ ಮನೆಯ ಹಿಂದೆ ಒಂದು ಶೀಟಿನ ಕೋಣೆ ಇದೆ. ಮುದ್ದೇಬಿಹಾಳದ ಕಡೆಯ ಸಿದ್ರಾಮ ಮತ್ತು ಅವನ ಹೆಂಡತಿ ಮಹಾನಂದಾ 2006ರ ಬೇಸಿಗೆಯಲ್ಲಿ ಆ ಕೋಣೆಗೆ ಬಾಡಿಗೆಗೆ ಬಂದರು. ಸಿದ್ರಾಮನದು ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕೆಲಸ. ಎಲ್ಲಿ ಮಹಡಿ ಮೇಲೆ ಮಹಡಿ ಏಳುತ್ತಿದೆಯೋ ಅಲ್ಲಿ ಅವನು ತುತ್ತತುದಿಯಲ್ಲಿ ಇರುತ್ತಿದ್ದ. ಮಹಾನಂದಾ ಪೀಣ್ಯದಲ್ಲಿ ಕೃಷ್ಣಪ್ಪನವರ ಲೇತ್ ಶೆಡ್ಡಿನಲ್ಲಿ, ಅಂದರೆ ಗಾಡಿಗಳಿಗೆ ಬೇಕಾದ ಕಬ್ಬಿಣದ ಬಿಡಿಭಾಗಗಳನ್ನು ಕಡೆಯುವ ಕಡೆ, ಕಸ ಗುಡಿಸುವುದಕ್ಕೆ, ಎಣ್ಣೆ ಒರೆಸುವುದಕ್ಕೆ ಸೇರಿಕೊಂಡಳು. ಏಳನೇ ಕ್ಲಾಸಿನವರೆಗೆ ಓದಿದ್ದಳು. ಮಾತು ಕಡಿಮೆ, ನೋಟ ಜಾಸ್ತಿ.

ಆ ವರ್ಷದ ಆಯುಧಪೂಜೆ ಮುಗಿಸಿಕೊಂಡು ಬಂದವಳು ಮುಖ ಊದಿಸಿಕೊಂಡಿದ್ದಳು. ಏನಾಯ್ತೆಂದು ಕೇಳಿದೆ. ಶೆಡ್ಡಿನಲ್ಲಿ ಒಬ್ಬೊಬ್ಬ ಆಪರೇಟರೂ ತಂತಮ್ಮ ಮಿಷನ್ನಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ, ಕುಂಕುಮ ಇಟ್ಟರಂತೆ. ಎಲ್ಲ ಮಿಷನ್ನುಗಳನ್ನೂ ತೊಳೆದು ಒರೆಸಿದ್ದು ಇವಳು. ಪೂಜೆಯ ಹೊತ್ತಿಗೆ ಮಾತ್ರ ಪೊರಕೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳಂತೆ.

"ಅಕ್ಕಾರ, ನಾ ಗುಡಿಸಿದ್ದು ಸಂಜೀಕ ಮತ್ತ ಕಸ ಆಗತೈತಿ. ಅವ್ರು ಮಾಡಿದ್ದು ಗಾಡಿಯೊಳಗ ಕುಂತು ಊರೂರು ತಿರಗತೈತಿ. ಮುಂದಿನ ಮಾನಮಿಗೆ ನಂದೂ ಒಂದ್ ಮಿಷನ್ ಇರಬೇಕು."

ಮಾನಮಿ ಎಂದರೆ ಮಹಾನವಮಿ, ನಮ್ಮ ಆಯುಧಪೂಜೆಯ ದಿನ. ನಾನು ಹೂಂ ಅಂದೆ. ಒಳಗೆ ಕೂತಿದ್ದ ನಮ್ಮವರು ಮಾತ್ರ ಪೇಪರು ಬಿಸಾಕಿ ಎದ್ದು ಬಂದರು. ಯೋಜನೆ ಎಂಬ ವಾಸನೆ ಬಡಿದರೆ ಸಾಕು, ಅವರಿಗೆ ಮೊಣಕಾಲ ನೋವೂ ಮರೆತುಹೋಗುತ್ತದೆ. ತಕ್ಷಣ ಹಾಳೆ ತಂದು ಚೌಕ ಹಾಕತೊಡಗಿದರು. ಅವಳು ನಯವಾಗಿಯೇ ಬೇಡವೆಂದಳು. ಅವಳ ಲೆಕ್ಕ ಹಬ್ಬಗಳ ಲೆಕ್ಕ. ಸಂಕ್ರಾಂತಿಯೊಳಗೆ ಅಳತೆ ನೋಡುವುದನ್ನು ಕಲಿಯಬೇಕು, ಉಗಾದಿಯೊಳಗೆ ಎರಡೂ ಕೈ ಪಳಗಬೇಕು, ನಾಗರಪಂಚಮಿ ಮುಗಿಸಿ ಸಾಹುಕಾರ ಕೃಷ್ಣಪ್ಪನವರ ಮುಂದೆ ನಿಂತು ಕೇಳಬೇಕು. ಒಂದು ಕೈಗೆ ಬರುವ ತನಕ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಇದು ಅವಳೇ ಹಾಕಿಕೊಂಡ ಕಟ್ಟಳೆ.

ಭಾನುವಾರಗಳಂದು ನಮ್ಮವರು ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ತಮ್ಮ ಹಳೆಯ ವರ್ನಿಯರ್ ಹೊರಗೆ ತೆಗೆದರು. ನನ್ನ ಸೌಟು, ಲೋಟ, ಲಟ್ಟಣಿಗೆ, ಕೊನೆಗೆ ದೇವರ ಮನೆಯ ಗಂಟೆಯ ಹಿಡಿಯನ್ನೂ ಬಿಡದೆ ಅಳೆದರು. ಇಬ್ಬರಿಗೂ ಕಾಫಿ ಮಾಡಿಕೊಡುವುದು ನನ್ನ ಪಾಲಿಗೆ ಬಂತು. ಮೊದಮೊದಲು ಅವಳು ಇಂಗ್ಲಿಷ್ ಅಂಕಿಯ ಸಣ್ಣ ಗೆರೆಗಳ ಮೇಲೆ ತಡವರಿಸುತ್ತಿದ್ದಳು. ಸಂಕ್ರಾಂತಿಯ ಎಳ್ಳು ಬೀರಲು ಬಂದ ದಿನ ಸಕ್ಕರೆ ಅಚ್ಚಿನ ದಪ್ಪವನ್ನು ತಪ್ಪಿಲ್ಲದೆ ಹೇಳಿ ನಕ್ಕಳು. ನಮ್ಮವರಿಗೆ ಆ ದಿನ ಹಿಡಿಸಲಾರದ ಸಂತೋಷ.

ಅದಾದ ಮೇಲೆ ಕೈಗಳ ಸರದಿ. ಲೇತಿನಲ್ಲಿ ಎರಡು ಹಿಡಿಕೆಗಳನ್ನು ಒಟ್ಟಿಗೆ ತಿರುಗಿಸಬೇಕಂತೆ, ಒಂದು ಕೈ ಬೇಗ, ಒಂದು ಕೈ ನಿಧಾನ. ಒಂದು ಸಂಜೆ ಬಟ್ಟೆ ತರಲು ಹಿತ್ತಲಿಗೆ ಹೋದರೆ, ಇವಳು ಎರಡು ಪಾತ್ರೆಯ ಮುಚ್ಚಳಗಳನ್ನು ಕಲ್ಲಿನ ಮೇಲೆ ಬೋರಲು ಹಾಕಿಕೊಂಡು ಒಂದನ್ನು ಹೀಗೆ, ಒಂದನ್ನು ಹಾಗೆ ತಿರುಗಿಸುತ್ತಾ ತನ್ನಷ್ಟಕ್ಕೆ ತಾನೇ ಬೈದುಕೊಳ್ಳುತ್ತಿದ್ದಳು. ನನಗೆ ಗಾಬರಿಯಾಯಿತು, ಗಾಳಿಗೀಳಿ ಸೋಕಿತೇನೋ ಅಂದುಕೊಂಡೆ. ಕೇಳಿದರೆ, ಯಾರೂ ಬೈಯದಿದ್ದರೆ ಕೈ ಸೋಮಾರಿಯಾಗುತ್ತದೆ, ಅದಕ್ಕೇ ತಾನೇ ಬೈದುಕೊಳ್ಳುತ್ತೇನೆ ಎಂದಳು. ನಮ್ಮವರಿಗೂ ಈ ಉಪಾಯ ಹೇಳಿಕೊಡು ಎಂದೆ.

ಉಗಾದಿಯ ಹೊತ್ತಿಗೆ ಕೈ ಪಳಗಿತ್ತು, ಪಂಚಮಿಯೂ ಬಂತು. ಅವರ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಹೊಸ ಹಸಿರು ಬಳೆಗಳನ್ನು ಎರಡೂ ಕೈಗೆ ತುಂಬ ಇಡಿಸಿಕೊಂಡಿದ್ದಳು. ಮರುದಿನವೇ ಕೃಷ್ಣಪ್ಪನವರನ್ನು ಕೇಳಿದಳು. ಅವರು ಮೊದಲು ನಕ್ಕರಂತೆ. ಆಮೇಲೆ ವರ್ನಿಯರ್ ಕೊಟ್ಟು ಪರೀಕ್ಷೆ ಮಾಡಿ ನಗು ನಿಲ್ಲಿಸಿದರಂತೆ. ಒಬ್ಬ ಆಪರೇಟರು ರಜೆಯಲ್ಲಿದ್ದ, ಅವನ ಮಿಷನ್ನಿನಲ್ಲಿ ಒಂದು ದಿನ ಕೈ ಆಡಿಸಿ ನೋಡು ಎಂದರು. ಷರತ್ತು ಇಷ್ಟೇ: ಸೀರೆ ಬೇಡ, ಕೂದಲು ಟೋಪಿಯೊಳಗೆ, ಕೈಯಲ್ಲಿ ಬಳೆ ಇರಕೂಡದು.

ಚೂಡಿದಾರಕ್ಕೂ ಟೋಪಿಗೂ ಅವಳು ಒಪ್ಪಿದಳು. ಬಳೆ ತೆಗೆಯುವುದು ಮಾತ್ರ ಅವಳ ಕೈಯಲ್ಲಿ ಆಗಲಿಲ್ಲ. ಗಂಡ ಬದುಕಿರುವವಳು ಬಳೆ ತೆಗೆದರೆ ಗಂಡನಿಗೆ ಕೇಡು ಎಂದು ಹುಟ್ಟಿದಾಗಿನಿಂದ ಕೇಳಿದ್ದಳು. ಓದಿದವರಿಗೆ ಇದು ನಗುವ ಮಾತಾಗಿರಬಹುದು. ಆದರೆ ಅವಳ ಗಂಡ ಆಫೀಸಿನ ಕುರ್ಚಿಯಲ್ಲಿ ಕೂರುವವನಲ್ಲ. ನಾಲ್ಕನೇ ಮಹಡಿಯ ಅಂಚಿನಲ್ಲಿ, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ ನಿಲ್ಲುವವನು. ಸಂಜೆ ಗೇಟಿನ ಸದ್ದಾಗುವ ತನಕ ಅವಳ ಕಿವಿ ಎಲ್ಲಿರುತ್ತಿತ್ತು ಎಂಬುದನ್ನು ನಾನು ಕಂಡಿದ್ದೇನೆ.

ಅವಳೊಂದು ಉಪಾಯ ಮಾಡಿದಳು. ಯೋಜನೆಯಲ್ಲೇ ಇಲ್ಲದ ಉಪಾಯ. ಬಳೆಗಳ ಮೇಲೆ ಹಳೆ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಉದ್ದ ತೋಳಿನ ಕೋಟು ಹಾಕಿ ಗುಂಡಿ ಬಿಗಿದಳು. ಕೃಷ್ಣಪ್ಪನವರು ಕೇಳಿದಾಗ ತೆಗೆದಿದ್ದೇನೆ ಎಂದಳು. ಮಧ್ಯಾಹ್ನದ ತನಕ ಕೆಲಸ ಚೆನ್ನಾಗಿಯೇ ನಡೆಯಿತು. ಊಟವಾದ ಮೇಲೆ ಪಟ್ಟಿಯ ತುದಿ ತೋಳಿನಿಂದ ಹೊರಗೆ ಇಣುಕಿದ್ದು ಅವಳಿಗೆ ಗೊತ್ತಾಗಲಿಲ್ಲ. ಗರಗರ ತಿರುಗುತ್ತಿದ್ದ ಮಿಷನ್ನು ಅದನ್ನು ಸೆಳೆದುಕೊಂಡಿತು. ಪಕ್ಕದಲ್ಲಿದ್ದವರು ಯಾರೋ ಸ್ವಿಚ್ಚು ಆರಿಸಿದ್ದರಿಂದ ಕೈ ಉಳಿಯಿತು. ಕೋಟಿನ ತೋಳು ಹರಿಯಿತು, ಬಲಗೈಯ ಬಳೆಗಳೆಲ್ಲ ಪುಡಿಯಾಗಿ ಮಣಿಕಟ್ಟಿಗೆ ಹೊಕ್ಕವು.

ಡಾಕ್ಟರ ಹತ್ತಿರ ಹೋಗೋಣ ಎಂದು ಕೃಷ್ಣಪ್ಪನವರು ಗಾಡಿ ತೆಗೆಯುವಷ್ಟರಲ್ಲಿ ಅವಳು ಅಲ್ಲಿ ಇರಲೇ ಇಲ್ಲ. ಕೈಗೆ ಬಟ್ಟೆ ಒತ್ತಿಕೊಂಡು ಬಸ್ಸು ಹತ್ತಿ ಸಿದ್ರಾಮನ ಕಟ್ಟಡಕ್ಕೆ ಓಡಿದ್ದಳು. ಬಳೆ ಒಡೆದಿವೆ, ಅವನು ಬಿದ್ದೇ ಬಿದ್ದಿರುತ್ತಾನೆ ಎಂದು ಅವಳ ಲೆಕ್ಕ. ಕೆಳಗೆ ನಿಂತು ಅವನ ಹೆಸರು ಹಿಡಿದು ಕೂಗಿದಳಂತೆ, ಅದೂ ಮೊದಲ ಸಲ. ಅವನು ಕಂಬಿ ಬಿಟ್ಟು ಇಳಿದು ಬಂದ. ನಡೆದದ್ದನ್ನೆಲ್ಲ ಕೇಳಿ, ರಕ್ತ ನೋಡಿ, ಸಿಟ್ಟಿಗೆದ್ದ. ಅವನು ಆಡಿದ ಮಾತನ್ನು ಅವಳೇ ನನಗೆ ಹೇಳಿದಳು.

"ನಾ ಏನ್ ಮ್ಯಾಲ ನಿನ್ನ ಬಳಿ ಹಿಡ್ಕೊಂಡು ನಿಂತೀನೇನು? ಕಾಲ್ ಗಟ್ಟಿ ಊರಿ ನಿಂತೀನಿ. ನಿನ್ನ ಕೈ ಹೋಗಿದ್ರ ಏನ್ ಮಾಡ್ತಿದ್ದಿ?"

ಕೃಷ್ಣಪ್ಪನವರು ಹೊಲಿಗೆಯ ಖರ್ಚು ಕೊಟ್ಟರು, ಮಿಷನ್ನಿನ ಮಾತು ಎತ್ತಬೇಡ ಎಂದರು. ಸುಳ್ಳು ಹೇಳಿದ್ದಕ್ಕೆ ಅವರಿಗೆ ಬೇಜಾರು. ಕಡೆಯುವ ಕಬ್ಬಿಣದ ಬುಷ್ಷು ಕೆಟ್ಟರೆ ಇನ್ನೊಂದು ಮಾಡಬಹುದು, ಕೈ ಕೆಟ್ಟರೆ ಎಲ್ಲಿಂದ ತರಲಿ ಎಂದರಂತೆ. ಮಹಾನಂದಾ ಮತ್ತೆ ಪೊರಕೆಗೆ ಬಂದಳು. ಮಾನಮಿ ಹತ್ತಿರ ಬರುತ್ತಿತ್ತು. ನಮ್ಮವರು ತಮ್ಮ ಯೋಜನೆಯೇ ಬಿದ್ದುಹೋದ ಹಾಗೆ ಒಂದು ವಾರ ಗಡ್ಡ ಬೋಳಿಸಲಿಲ್ಲ.

ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಗಾಯ ಮಾಗಿದ ಮೇಲೆ ಬಳೆಗಾರನ ಹತ್ತಿರ ಹೋಗಿ, ಸಲೀಸಾಗಿ ಹಾಕಿ ತೆಗೆಯುವಂಥ ದೊಡ್ಡ ಅಳತೆಯ ಬಳೆ ತಂದಳು. ಬೆಳಿಗ್ಗೆ ಕೋಣೆಯ ಹೊಸ್ತಿಲಲ್ಲಿ ತೆಗೆದಿಟ್ಟು, ಬರಿಯ ಮಣಿಕಟ್ಟಿನಲ್ಲಿ ಕೆಲಸಕ್ಕೆ ಹೊರಟಳು. ಸಂಜೆ ಬಂದು ಕೈಕಾಲು ತೊಳೆದು ಹಾಕಿಕೊಂಡಳು. ಕಸ ಗುಡಿಸುವುದಕ್ಕೆ ಬಳೆ ಏಕೆ ತೆಗೆಯಬೇಕು ಎಂದು ಕೇಳಿದೆ. ಒಂದು ದಿನ ತೆಗೆದು ತೋರಿಸಿದರೆ ಸಾಹುಕಾರರು ನಂಬುವುದಿಲ್ಲ, ದಿನಾ ನೋಡಲಿ ಎಂದಳು. ನೋಡಿದರೆ ಇದು ಹೊಸ ಯೋಜನೆ!

ಬೀದಿಯ ಹೆಂಗಸರ ಬಾಯಿ ಸುಮ್ಮನಿರಲಿಲ್ಲ. ನಲ್ಲಿಯ ಹತ್ತಿರ ಅವಳ ಬರಿಗೈ ನೋಡಿ ಕೊಡ ಪಕ್ಕಕ್ಕೆ ಸರಿಸಿದವರೂ ಇದ್ದರು. ಒಬ್ಬಾಕೆ ನನ್ನ ಹತ್ತಿರವೇ ಬಂದು, ಮನೆಯಲ್ಲಿ ಇಂಥದಕ್ಕೆಲ್ಲ ಜಾಗ ಕೊಟ್ಟಿದ್ದೀರಲ್ಲ ಎಂದಳು. ನಾನು ಆಕೆಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಹಾನಂದಾ ಮಾತ್ರ ಬಳೆ ತೆಗೆದಿಡುವುದನ್ನು ಬಿಡಲಿಲ್ಲ. ಅವಳಿಗೆ ಹೆದರಿಕೆ ಹೋಗಿತ್ತು ಎಂದಲ್ಲ. ದಿನಾ ಗೇಟಿನ ಹತ್ತಿರ ಒಂದು ಗಳಿಗೆ ನಿಂತು, ಎಂದಿನಂತೆ ತನ್ನನ್ನೇ ಬೈದುಕೊಂಡು, ಆಮೇಲೆ ಹೆಜ್ಜೆ ಇಡುತ್ತಿದ್ದಳು.

ಗಣೇಶನ ಹಬ್ಬ ಕಳೆದ ಮೇಲೆ ಶೆಡ್ಡಿನ ಒಬ್ಬ ಆಪರೇಟರು ಬೊಮ್ಮಸಂದ್ರದ ಕಾರ್ಖಾನೆಗೆ ಹೋಗಿಬಿಟ್ಟ. ಕೆಲಸ ಮುಗಿಸಿಕೊಡಲೇಬೇಕಾದ ಆರ್ಡರು ತಲೆಯ ಮೇಲಿತ್ತು. ಕೃಷ್ಣಪ್ಪನವರು ಅವಳ ಮಣಿಕಟ್ಟಿನ ಕಡೆ ನೋಡಿ, ಬಾ ಎಂದರು. ಅವಳು ಮಾಡಿದ ಮೊದಲ ಬುಷ್ಷುಗಳಲ್ಲಿ ಕೆಲವು ತಿಪ್ಪೆಗೆ ಹೋದವು. ಆಮೇಲಿನವು ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಆ ಮಿಷನ್ನನ್ನು ಎಲ್ಲರೂ ಮಹಾನಂದಾಳ ಮಿಷನ್ನು ಎನ್ನತೊಡಗಿದರು.

ಆ ವರ್ಷದ ಆಯುಧಪೂಜೆಗೆ ನಮ್ಮಿಬ್ಬರಿಗೂ ಕರೆ ಬಂತು. ಸಿದ್ರಾಮನೂ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅವಳು ಇಳಕಲ್ ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು, ತನ್ನ ಲೇತಿಗೆ ಸೇವಂತಿಗೆ ಹಾರ ಹಾಕಿದಳು. ನನಗೆ ಕಣ್ಣು ತುಂಬಿತು. ನಮ್ಮವರು ಬೇರೆ ಕಡೆ ತಿರುಗಿಕೊಂಡು ಕನ್ನಡಕ ಒರೆಸುತ್ತಿದ್ದರು.

ಕುಂಬಳಕಾಯಿ ಒಡೆದ ಮೇಲೆ ಒಬ್ಬೊಬ್ಬರೂ ತಮ್ಮ ಮಿಷನ್ನನ್ನು ಒಂದು ಸಲ ಓಡಿಸಿ ನಿಲ್ಲಿಸುವುದು ಅಲ್ಲಿನ ಪದ್ಧತಿ. ಅವಳ ಸರದಿ ಬಂದಾಗ ಕೃಷ್ಣಪ್ಪನವರು, ಇವತ್ತು ಹಬ್ಬ, ಬಳೆ ಇರಲಿ, ಬರೀ ಸ್ವಿಚ್ಚು ಒತ್ತಮ್ಮ ಎಂದರು. ಅವಳು ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಅದು ಎಲ್ಲೂ ಇಣುಕದ ಹಾಗೆ ಮೇಲೆ ಕೋಟು ತೊಟ್ಟು, ತಲೆಗೆ ಟೋಪಿ ಹಾಕಿದಳು. ಆಪರೇಟರುಗಳ ಮನೆಗಳಿಂದ ಬಂದಿದ್ದ ಅಷ್ಟು ಜನ ಹೆಂಗಸರ ಎದುರಿಗೆ, ಹಬ್ಬದ ದಿನ, ಬಳೆಗಳನ್ನು ಒಂದೊಂದಾಗಿ ತೆಗೆದು ಸಿದ್ರಾಮನ ಕೈಗೆ ಕೊಟ್ಟಳು.

ಮಿಷನ್ನು ಶುರುವಾಯಿತು. ತಿರುಗುವ ಕಬ್ಬಿಣದಿಂದ ಗೇಣು ದೂರದಲ್ಲಿ ಅವಳ ಕೈಗಳು ಹಿಡಿಕೆಯ ಮೇಲಿದ್ದವು. ನಾಲ್ಕನೇ ಮಹಡಿಯ ಅಂಚಿನಲ್ಲಿ ದಿನಗಟ್ಟಲೆ ನಿಲ್ಲುವ ಸಿದ್ರಾಮ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹಣೆಯಲ್ಲಿ ಬೆವರು.

"ಸಾಕ್ ಬಿಡ, ಬಂದ್ ಮಾಡ. ನನಗ ಅಂಜಿಕಿ ಬರಾಕತ್ತೈತಿ," ಎಂದ.

ಮಹಾನಂದಾ ಮಿಷನ್ನಿನಿಂದ ಕಣ್ಣು ತೆಗೆಯಲಿಲ್ಲ. "ಈಗ ತಿಳೀತಲ್ಲ," ಎಂದಳು, "ಇಷ್ಟ್ ವರ್ಷ ನಾ ದಿನಾ ಹೆಂಗ್ ಇದ್ನಿ ಅಂತ."

ಅವನು ಬಳೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಿಷನ್ನು ನಿಲ್ಲುವ ತನಕ ಅವಳ ಕೈಗಳನ್ನೇ ನೋಡುತ್ತ ನಿಂತ.